ಬಯಲಾಟ ನೋಡಹೋಗುವವರಿಗೆ

ಕಾಸರಗೋಡು ಜಿಲ್ಲೆಯ ಕನ್ನಡ, ತುಳು ಸೀಮೆಯಲ್ಲಿ ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ ಯಕ್ಷಗಾನ ಬಯಲಾಟದ ಕಾಲ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇಲ್ಲಿನ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಮೂಲಪುರುಷನೆಂದು ಗೌರವ ಪಡೆದ, ರಾಮಾಯಣ ಪ್ರಸಂಗಗಳ ಕವಿ ಪಾರ್ತಿಸುಬ್ಬ ಕುಂಬಳೆಯವನು. 1973ರ ಸಂವಿಧಾನ ತೀರ್ಪಿನಿಂದ ದೇಶಕ್ಕೆಲ್ಲ ಪರಿಚಿತರಾದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಸ್ವತಃ ಭಾಗವತಿಕೆ ಮಾಡುತ್ತಿದ್ದರು. ಇಂಥ ನೆಲದಲ್ಲಿ ಆಟಕ್ಕೆ ಜನ ಕಿಕ್ಕಿರಿಯುವುದು ಸಹಜವೇ.

ಇಲ್ಲಿನ ಆಟಗಳಲ್ಲಿ ಹೆಚ್ಚಿನವು ಹರಕೆಯವು, ಟಿಕೆಟ್ ಇಲ್ಲ. ಆಡಿಸುವ ಮನೆಯವರೇ ಬಂದವರಿಗೆ ಊಟ ಹಾಕುವುದೂ ಉಂಟು. ಹೊರಡುವ ಮೊದಲು ವಿಚಾರಿಸಬೇಕಾದದ್ದು ಹೊತ್ತನ್ನು. ರಾತ್ರಿ ಹತ್ತರ ಬಳಿಕದ ಧ್ವನಿವರ್ಧಕ ನಿರ್ಬಂಧದಿಂದಾಗಿ ಸಂಜೆಯೇ ತೊಡಗಿ ಬೇಗ ಮುಗಿಯುವ ಕಾಲಮಿತಿ ಆಟಗಳು ಹೆಚ್ಚಿವೆ. ಒಂಬತ್ತೂವರೆಗೆ ಊಟ ಮುಗಿಸಿ ಹೊರಟವರಿಗೆ ಮಂಗಳ ಪದ ಮಾತ್ರ ಸಿಕ್ಕೀತು.

ಬೇಗ ಹೋದವರಿಗೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯನ್ನು ನೋಡುವ ಭಾಗ್ಯ. ಬಣ್ಣದ ವೇಷಧಾರಿ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯಿಂದ ಎತ್ತಿ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಚುಟ್ಟಿ ಇಡುತ್ತಾನೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೊಂದು. ಮುಳ್ಳುಮುಳ್ಳಾದ ಆ ಮುಖ ಸಿದ್ಧವಾಗಲು ಗಂಟೆಗಳೇ ಬೇಕು. ರಂಗದ ಮೇಲೆ ಕೆಲವು ನಿಮಿಷ ಗರ್ಜಿಸುವ ರಾಕ್ಷಸನ ಹಿಂದೆ ಇಷ್ಟು ತಾಳ್ಮೆಯಿದೆ ಎಂಬುದನ್ನು ಒಮ್ಮೆ ಕಂಡವರು ಆಟವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಚೌಕಿಯಲ್ಲಿ ದೇವರ ಪೂಜೆ ನಡೆಯುವುದರಿಂದ ಚಪ್ಪಲಿ ಹೊರಗೆ ಬಿಡಬೇಕು. ಚುಟ್ಟಿ ಇಡುತ್ತಿರುವವರನ್ನು ಮಾತನಾಡಿಸಬಾರದು, ಕೇಳದೆ ಫೋಟೋ ತೆಗೆಯಬಾರದು.

ಕುಳಿತುಕೊಳ್ಳುವ ಜಾಗದ ಆಯ್ಕೆಯೂ ಮುಖ್ಯ. ತೀರಾ ಮುಂದೆ ಕೂತರೆ ಚೆಂಡೆಯ ಪೆಟ್ಟು ನೇರ ಕಿವಿಗೆ ಬಡಿಯುತ್ತದೆ, ಚಿಕ್ಕ ಮಕ್ಕಳು ಬೆಚ್ಚಿಬೀಳುತ್ತಾರೆ. ಧ್ವನಿವರ್ಧಕದಿಂದ ದೂರ, ರಂಗಸ್ಥಳಕ್ಕೆ ಎದುರಾಗಿ ನಾಲ್ಕೈದು ಸಾಲು ಹಿಂದೆ ಕೂತರೆ ಭಾಗವತರ ಪದವೂ ಮದ್ದಳೆಯ ನುಡಿತವೂ ಸ್ಪಷ್ಟ. ಕೊಯ್ಲಾದ ಗದ್ದೆಯಲ್ಲಿ ಆಟವಾದರೆ ಚಳಿಗೊಂದು ಶಾಲು, ದಾರಿಗೊಂದು ಟಾರ್ಚು ಬೇಕೇ ಬೇಕು. ಸಭೆಯ ನಡುವೆ ಬಿಟ್ಟ ದಾರಿಯಲ್ಲಿ ಮಾತ್ರ ಯಾರೂ ಕೂರಕೂಡದು. ದೇವೀಮಹಾತ್ಮೆ ಪ್ರಸಂಗದ ಮಹಿಷಾಸುರ ಬರುವುದು ಅಲ್ಲಿಂದಲೇ. ಮುಂದೆ ದೊಂದಿಗಳು, ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಚೆಂಡೆಯ ಅಬ್ಬರ, ಜನಸಾಗರದ ಕೇಕೆ. ಮೊಬೈಲ್ ಹಿಡಿದು ದೊಂದಿಯ ಹತ್ತಿರ ನುಗ್ಗುವುದು ಅಪಾಯ, ಹಿಂದಿನವರ ನೋಟಕ್ಕೂ ಅಡ್ಡಿ.

ಮಹಿಷನ ಪ್ರವೇಶ, ಪುಂಡುವೇಷದವರು ಗಿರಕಿ ಹೊಡೆಯುವ ಧೀಂಗಿಣ ನೋಡಿ ಎದ್ದು ಹೋಗುವವರು ಬಹಳ. ಅವರು ಕಳೆದುಕೊಳ್ಳುವುದು ಸಣ್ಣದಲ್ಲ. ಇಡೀ ರಾತ್ರಿಯ ಆಟದಲ್ಲಿ ಗದ್ದಲ ಇಳಿದ ಬಳಿಕವೇ ಮಾತು ಅರಳುತ್ತದೆ. ಪದ್ಯದ ಅರ್ಥವನ್ನು ವೇಷಧಾರಿ ಆ ಕ್ಷಣಕ್ಕೆ ಹೊಸೆದು ಹೇಳುವ ಕಲೆಯಲ್ಲಿ ಇದೇ ಜಿಲ್ಲೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ದೊಡ್ಡ ಹೆಸರು. ರಕ್ತಬೀಜ, ಶುಂಭ, ನಿಶುಂಭರ ಸರದಿ ಬರುವುದೂ ಮಹಿಷನ ಬಳಿಕವೇ. ಪ್ರಸಂಗದ ಕಥೆಯನ್ನು ಮೊದಲೇ ತಿಳಿದು ಹೋದರೆ ನಡುವೆ ಚಹಾ, ಚರುಮುರಿಗೆ ಯಾವಾಗ ಏಳಬಹುದೆಂಬ ಅಂದಾಜೂ ಸಿಗುತ್ತದೆ.

ಹಿಂದಿರುಗಲು ಬಸ್ಸನ್ನು ನಂಬುವಂತಿಲ್ಲ. ಒಳದಾರಿಯ ಊರುಗಳಿಗೆ ಅಪರಾತ್ರಿ ಬಸ್ಸಿರುವುದಿಲ್ಲ. ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡು, ಗದ್ದೆಯ ಹುಣಿಯಲ್ಲಿ ನಿಲ್ಲಿಸದೆ ರಸ್ತೆಯ ಬದಿಗೆ ಬಿಟ್ಟರೆ ಮರಳಿ ಹೊರಡುವುದು ಸುಲಭ. ಪತ್ತನಾಜೆ ಕಳೆದ ಮೇಲೆ ಬಂದವರು ತಾಳಮದ್ದಳೆಯ ಕೂಟಗಳನ್ನು ವಿಚಾರಿಸಬಹುದು. ಅಲ್ಲಿ ವೇಷವಿಲ್ಲ, ಪದ ಮತ್ತು ಮಾತು ಮಾತ್ರ.