ಘಾಚರ್ ಘೋಚರ್ ಅಂದರೆ ಎಂತ?

ಈ ಶಬ್ದವನ್ನು ನಾನು ನಮ್ಮ ಶಾಲೆಯ ನಿಘಂಟಿನಲ್ಲಿ ಹುಡುಕಿದೆ, ಸಿಗಲಿಲ್ಲ. ಇದು 2013ರಲ್ಲಿ ಬಂದ ಒಂದು ಸಣ್ಣ ಕಾದಂಬರಿಯ ಹೆಸರು. ಬರೆದವರು ವಿವೇಕ ಶಾನಭಾಗ. ಅವರು ನಮ್ಮ ಜಿಲ್ಲೆಯ ಅಂಕೋಲೆಯವರು, ಕುಮಟೆ ದಾಟಿದರೆ ಅಂಕೋಲೆ. ಇದು ಇಂಗ್ಲಿಷಿಗೂ ಹೋಗಿ ಹೊರದೇಶದವರೂ ಓದಿದ್ದಾರೆ. ಹೊನ್ನಾವರದಲ್ಲಿ ಕಾಲೇಜಿಗೆ ಹೋಗುವ ಅಕ್ಕ ತಂದಿದ್ದಳು. ಅದು ದೊಡ್ಡವರ ಪುಸ್ತಕ, ಹಾಗಾಗಿ ಕೆಲವು ಭಾಗ ಅವಳೇ ಓದಿ ಹೇಳಿದಳು, ಕೆಲವು ಹಾರಿಸಿದಳು.

ಕಥೆ ನಡೆಯುವುದು ಬೆಂಗಳೂರಿನಲ್ಲಿ. ಕಥೆ ಹೇಳುವವನಿಗೆ ಹೆಸರೇ ಇಲ್ಲ! ಮೊದಲು ಅವರು ಬಡವರು, ಅಪ್ಪ ಸೇಲ್ಸ್‌ಮನ್. ಸಣ್ಣ ಮನೆ ತುಂಬಾ ಇರುವೆ. ಎಲ್ಲರೂ ಸೇರಿ ಇರುವೆ ಕೊಲ್ಲುವುದನ್ನು ಓದಿದರೆ ನಗು ಬರ್ತದೆ. ಆಮೇಲೆ ಅಪ್ಪನ ಕೆಲಸ ಹೋಗಿ, ಚಿಕ್ಕಪ್ಪ ಸೋನಾ ಮಸಾಲಾ ಎಂಬ ವ್ಯಾಪಾರ ಶುರು ಮಾಡುತ್ತಾನೆ. ಹಣ ಬಂತು, ದೊಡ್ಡ ಮನೆ ಬಂತು. ಇವನು ಮಾತ್ರ ಕೆಲಸ ಮಾಡದೆ ಸಂಬಳ ತೆಗೆದುಕೊಂಡು ಕಾಫಿ ಹೌಸಿನಲ್ಲಿ ಕೂತಿರುತ್ತಾನೆ.

ಅವನ ಹೆಂಡತಿ ಅನಿತಾ ಹೇಳುವ ಶಬ್ದವೇ ಘಾಚರ್ ಘೋಚರ್. ಚಿಕ್ಕವರಿದ್ದಾಗ ಗಾಳಿಪಟದ ದಾರ ಸಿಕ್ಕಾದಾಗ ಅವಳೂ ಅವಳ ಸೋದರನೂ ಮಾಡಿಕೊಂಡ ಶಬ್ದ ಅದು. ಬಿಡಿಸಲಾರದ ಗಂಟು ಅಂತ ಅರ್ಥ.

ಒಂದು ದಿನ ಚಿಕ್ಕಪ್ಪನನ್ನು ಕೇಳಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುತ್ತಾಳೆ. ಇವನ ಅಮ್ಮ, ಅಕ್ಕ ಮಾಲತಿ ಅವಳನ್ನು ಬಯ್ದು ಓಡಿಸುತ್ತಾರೆ. ಇವನು ಅಲ್ಲೇ ಇದ್ದೂ ಒಂದು ಮಾತು ಆಡುವುದಿಲ್ಲ. ಅನಿತಾಗೆ ಅದು ಸರಿ ಬರುವುದಿಲ್ಲ. ಜಗಳ ಮಾಡದವನು ಒಳ್ಳೆಯವನು ಅಂತ ನಾನು ತಿಳಿದಿದ್ದೆ. ಈಗ ನನಗೆ ಅನ್ನಿಸುವುದು, ಗಂಟು ಹಾಕಿದವರಲ್ಲಿ ಇವನೂ ಒಬ್ಬ.

ನಮ್ಮ ಅಪ್ಪ ಭಟ್ಕಳದ ಬಂದರಿನಲ್ಲಿ ಬಲೆ ಬಿಡಿಸುವುದನ್ನು ನಾನು ನೋಡಿದ್ದೇನೆ. ಸಿಟ್ಟಿನಿಂದ ಎಳೆದರೆ ಗಂಟು ಬಿಗಿಯಾಗ್ತದೆ. ನಾಳೆ ನೋಡುವಾ ಅಂತ ಹಾಗೇ ಬಿಟ್ಟರೆ ಕಸ, ಪಾಚಿ ಸೇರಿ ಒಣಗಿ ಇನ್ನೂ ಕಷ್ಟ. ಅಪ್ಪ ಬಲೆಯನ್ನು ಯಾವತ್ತೂ ಹಾಗೆ ಬಿಡುವುದಿಲ್ಲ.

ಆದರೆ ದೋಣಿಯ ಲೆಕ್ಕಕ್ಕೆ ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತು ಎರಡು ವರ್ಷವಾಯಿತು. ಚೌತಿಯ ಗಣಪತಿ ಒಂದೇ, ಊಟದ ಪಂಕ್ತಿ ಬೇರೆ. ಹೋದ ಚೌತಿಯಲ್ಲಿ ದೊಡ್ಡಪ್ಪ ನನ್ನನ್ನು ಬಾವಿಕಟ್ಟೆ ಹತ್ತಿರ ಕರೆದು, “ನಿನ್ನ ಅಪ್ಪ ನನ್ನ ಸುದ್ದಿ ಎಂತಾದ್ರೂ ಹೇಳ್ತನಾ?” ಅಂತ ಕೇಳಿದರು. ಅಪ್ಪ ಅದೇ ಬೆಳಿಗ್ಗೆ, “ಅಣ್ಣಂಗೆ ಕಾಲುನೋವು ಕಮ್ಮಿ ಆಯ್ತೇನೋ” ಅಂದಿದ್ದರು.

ನಾನು “ಎಂತದೂ ಇಲ್ಲ” ಅಂದು ಓಡಿ ಬಂದೆ.