ಹೊಗೆಯ ವಿರುದ್ಧ ನಾಗರಿಕನ ದೂರು

ಪ್ರಶ್ನೆ: ಕಚೇರಿಯಲ್ಲಿ ಸಿಗರೇಟು ಸೇದುವವರನ್ನು ನನ್ನಂಥ ಸಾಮಾನ್ಯನು ತಡೆಯಬಲ್ಲನೆ?

ಉತ್ತರ: ನಿಸ್ಸಂದೇಹವಾಗಿ, ಏಕೆಂದರೆ ಈ ವಿಷಯದಲ್ಲಿ ನಮ್ಮ ಕಾನೂನು ಬಲಗೊಂಡುದೇ ಬಹುಮಟ್ಟಿಗೆ ನಾಗರಿಕರ ಮೊರೆಯಿಂದ. ಪರರು ಬಿಟ್ಟ ಹೊಗೆಯನ್ನು ತಾವೇಕೆ ಸೇವಿಸಬೇಕೆಂದು ಕೇಳಿದ ಅರ್ಜಿದಾರರಿಗೆ ಉತ್ತರವಾಗಿ, ಸಾರ್ವಜನಿಕ ಧೂಮಪಾನವು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ಕೇರಳದ ಉಚ್ಚ ನ್ಯಾಯಾಲಯವು 1999ರಲ್ಲಿ ಸಾರಿತು. ಮುಂಬಯಿಯ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಆಸ್ಪತ್ರೆ, ಶಾಲೆ, ಗ್ರಂಥಾಲಯ, ರೈಲುಗಳಲ್ಲಿ ಅದನ್ನು ನಿಷೇಧಿಸಿತು. 2003ರಲ್ಲಿ ಶಾಸನ ಬಂದಿತು. 2008ರ ಗಾಂಧೀಜಯಂತಿಯಂದು ಜಾರಿಗೊಂಡ ನಿಯಮಗಳು ಕೆಲಸದ ಸ್ಥಳಗಳನ್ನೂ ಅದರ ವ್ಯಾಪ್ತಿಗೆ ತಂದವು.

ಈ ನಿಯಮಗಳಲ್ಲಿ ನನಗೆ ಅತ್ಯಂತ ವಿವೇಕಯುತವಾಗಿ ತೋರುವುದು ಒಂದು ಸಣ್ಣ ವಿಧಿ: ಬಾಗಿಲಲ್ಲಿ ಕನಿಷ್ಠ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ನಿಷೇಧಫಲಕವಿದ್ದರೆ ಸಾಲದು, ದೂರನ್ನು ಯಾರಿಗೆ ಕೊಡಬೇಕೆಂಬ ಹೆಸರನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸತಕ್ಕದ್ದು, ಆತನು ದೂರನ್ನು ಅಲಕ್ಷಿಸಿದರೆ ದಂಡವು ಆತನ ತಲೆಗೂ ಬರುವುದು. ಬೂದಿಬಟ್ಟಲನ್ನು, ಬೆಂಕಿಪೊಟ್ಟಣವನ್ನು ಒದಗಿಸುವಂತೆಯೂ ಇಲ್ಲ. (ಬೂದಿಬಟ್ಟಲಿಟ್ಟು ನಿಷೇಧಫಲಕ ತೂಗುಹಾಕುವ ಜಾಣರು ನಮ್ಮಲ್ಲಿ ವಿರಳರೇನಲ್ಲ!) 200 ರೂಪಾಯಿಯಿದ್ದ ದಂಡವನ್ನು ಕರ್ನಾಟಕದ ತಿದ್ದುಪಡಿಯು 1,000ಕ್ಕೆ ಏರಿಸಿದೆ.

ಆದುದರಿಂದ ಸಹೋದ್ಯೋಗಿಯೊಡನೆ ಜಗಳಕ್ಕೆ ನಿಲ್ಲದೆ, ಆ ಹೆಸರನ್ನು ಹುಡುಕಿ ಲಿಖಿತ ದೂರು ಸಲ್ಲಿಸಿರಿ. ಹೆಸರೇ ಕಾಣದಿದ್ದರೆ, ನಿಮ್ಮ ಮೊದಲ ದೂರು ಅದೇ ಆಗಲಿ.