ಮೊಣಕಾಲಿಗೆ ಹಾಕುವ ಇಂಜೆಕ್ಷನ್‌ನ ‘ಪ್ಲಾಸ್ಟಿಕ್’ ಕೀಲಿನಲ್ಲೇ ಉಳಿದುಬಿಡುತ್ತದೆಯೇ?

‘ಮೊಣಕಾಲು ನೋವಿಗೆ ಕೊಡುವ ಇಂಜೆಕ್ಷನ್‌ನಲ್ಲಿ ಪ್ಲಾಸ್ಟಿಕ್ ಪುಡಿ ಇರುತ್ತದೆ, ಅದು ಸಾಯುವವರೆಗೂ ಕೀಲಿನಲ್ಲೇ ಇರುತ್ತದೆ.’ ಈ ಸಂದೇಶವನ್ನು ಗದಗ ಜಿಲ್ಲೆಯ ಡೋಣಿಯ ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಅದನ್ನು ನೋಡಿದ ಮೇಲೆ ಅವರ ತಾಯಿ ಇಂಜೆಕ್ಷನ್ನೇ ಬೇಡ ಅನ್ನುತ್ತಿದ್ದಾರಂತೆ.

ಮೊದಲಿಗೆ, ನಮ್ಮಲ್ಲಿ ಮೊಣಕಾಲಿಗೆ ಸಾಮಾನ್ಯವಾಗಿ ಕೊಡುವ ಸ್ಟೀರಾಯ್ಡ್ ಅಥವಾ ಹೈಲುರಾನಿಕ್ ಆಮ್ಲದ ಇಂಜೆಕ್ಷನ್‌ಗಳಲ್ಲಿ ಇಂಥ ಪ್ಲಾಸ್ಟಿಕ್ ಕಣಗಳಿರುವುದಿಲ್ಲ. ಕಣಗಳಿರುವ ಔಷಧವೂ ಇದೆ, ಅದು ಸುಳ್ಳಲ್ಲ. ಅಮೆರಿಕದಲ್ಲಿ 2017ರಲ್ಲಿ ಅನುಮತಿ ಪಡೆದ ಜಿಲ್ರೆಟ್ಟಾ ಅಂಥದ್ದು. ಅದರಲ್ಲಿ ಸ್ಟೀರಾಯ್ಡನ್ನು ಪಿಎಲ್‌ಜಿಎ ಎಂಬ ಪಾಲಿಮರ್‌ನ ಸೂಕ್ಷ್ಮ ಗುಂಡುಗಳಲ್ಲಿ ತುಂಬಿರುತ್ತಾರೆ. ಬರೀ ಔಷಧ ಕೊಟ್ಟರೆ ಕೀಲಿನಿಂದ ಬೇಗ ಹೊರಟುಹೋಗುತ್ತದೆ. ಗುಂಡಿನೊಳಗಿದ್ದರೆ ವಾರಗಟ್ಟಲೆ ನಿಧಾನವಾಗಿ ಹೊರಬರುತ್ತದೆ.

ಈ ಪಿಎಲ್‌ಜಿಎ ನಮಗೆ ಹೊಸದೇನಲ್ಲ. ಆಪರೇಷನ್ ಆದಮೇಲೆ ‘ತಾನೇ ಕರಗುವ ಹೊಲಿಗೆ’ ಹಾಕಿದ್ದಾರೆ ಅನ್ನುತ್ತೇವಲ್ಲ, ಆ ದಾರಗಳಲ್ಲಿ ಹಲವು ಇದೇ ಜಾತಿಯ ಪಾಲಿಮರ್‌ನವು.

‘ಕರಗುವುದು’ ಅಂದರೂ ಇದು ಬೆಲ್ಲ ನೀರಲ್ಲಿ ಕರಗಿದ ಹಾಗಲ್ಲ. ಪಿಎಲ್‌ಜಿಎ ಒಂದು ಉದ್ದನೆಯ ಸರಪಳಿ. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳು ಅದರ ಕೊಂಡಿಗಳು. ಕೀಲಿನ ದ್ರವದಲ್ಲಿರುವ ನೀರು ಗುಂಡಿನೊಳಗೆ ಇಳಿದು ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಮೊದಮೊದಲು ಗುಂಡು ಹೊರಗಿನಿಂದ ಹಾಗೇ ಕಾಣುತ್ತದೆ, ಒಳಗೆ ಮಾತ್ರ ಸರಪಳಿ ತುಂಡಾಗುತ್ತಿರುತ್ತದೆ. ಬಿಡುಗಡೆಯಾದ ಆಮ್ಲ ಒಳಗೇ ಸಿಕ್ಕಿಕೊಂಡು ಈ ಕೆಲಸವನ್ನು ಇನ್ನಷ್ಟು ಜೋರು ಮಾಡುತ್ತದೆ. ಕೊನೆಗೆ ಗುಂಡು ಪೊಳ್ಳಾಗಿ ಕುಸಿಯುತ್ತದೆ. ಚೂರುಗಳನ್ನು ಕೀಲಿನ ಒಳಪದರದ ರಕ್ಷಕ ಕೋಶಗಳು ನುಂಗುತ್ತವೆ. ಉಳಿಯುವ ಲ್ಯಾಕ್ಟಿಕ್ ಆಮ್ಲ ಮೊಸರಿನಲ್ಲೂ ಇದೆ, ನಾವು ಓಡಿದಾಗ ನಮ್ಮ ಸ್ನಾಯುಗಳಲ್ಲೂ ಹುಟ್ಟುತ್ತದೆ. ದೇಹ ಅದನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸಿ ಹೊರಹಾಕುತ್ತದೆ.

ಹಾಗಾದರೆ ‘ಸಾಯುವವರೆಗೂ’ ಅನ್ನೋ ಮಾತು ಎಲ್ಲಿಂದ ಬಂತು? ಬಹುಶಃ ಕೃತಕ ಮೊಣಕಾಲಿನ ಸುದ್ದಿ ಇದರ ಜೊತೆ ಬೆರೆತಿದೆ. ಅದರಲ್ಲಿ ಬಳಸುವ ಪಾಲಿಎಥಿಲೀನ್ ಕ್ಯಾರಿಬ್ಯಾಗ್ ಪ್ಲಾಸ್ಟಿಕ್‌ನದೇ ಗಟ್ಟಿ ರೂಪ. ವರ್ಷಗಟ್ಟಲೆ ಸವೆದು ಉದುರುವ ಅದರ ಕಣಗಳನ್ನು ದೇಹ ಒಡೆಯಲಾರದು. ಅವು ಕೆಲವರಲ್ಲಿ ಸುತ್ತಲಿನ ಮೂಳೆಯನ್ನು ಸವೆಸುವುದೂ ನಿಜ. ಆದರೆ ಅದು ಬೇರೆಯೇ ವಸ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್‌ವಾಲ್ ಅವರ ತಂಡ ರಾಪಾಮೈಸಿನ್ ಔಷಧವನ್ನು ಇಂಥದೇ ಪಿಎಲ್‌ಜಿಎ ಕಣಗಳಲ್ಲಿ ತುಂಬಿ, ಸಂಧಿವಾತಕ್ಕೆ ಬಳಸಬಹುದೇ ಎಂದು ನೋಡಿ 2020ರಲ್ಲಿ ಪ್ರಕಟಿಸಿತು. ಇಲಿಗಳ ಕೀಲಿನಲ್ಲಿ ಕಣಗಳು ವಾರಗಟ್ಟಲೆ ಉಳಿದವು. ನೆನಪಿರಲಿ, ಇಲಿಗಳಲ್ಲಿ. ಇದರ ಹೆಸರು ಹೇಳಿ ‘ಸವೆದ ಕೀಲು ಮತ್ತೆ ಬೆಳೆಸುತ್ತೇವೆ’ ಅನ್ನುವವರಿಗೆ ದುಡ್ಡು ಕೊಡಬೇಡಿ.

ಡೋಣಿಯ ಆ ತಾಯಿ ಪ್ಲಾಸ್ಟಿಕ್‌ಗೆ ಹೆದರಿ ಇಂಜೆಕ್ಷನ್ ಬಿಡಬೇಕಿಲ್ಲ. ಯಾವ ಔಷಧ, ಎಷ್ಟು ಸಲ ಎಂದು ವೈದ್ಯರನ್ನು ಕೇಳಲಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಮೊದಲೇ ಹೇಳಲಿ. ಸ್ಟೀರಾಯ್ಡ್ ಹಾಕಿಸಿಕೊಂಡ ಮೇಲೆ ಕೆಲವು ದಿನ ಶುಗರ್ ಏರಬಹುದು.